ನಮ್ಮ ಕಡಲಿನ ಲೆಕ್ಕ ನಮಗೂ ಸಿಗಲಿ: ಕಡಲ ಸಂಶೋಧಕರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕರಾವಳಿಯ ಮೀನು, ಅಳಿವೆ, ಕಡಲ ತಳದ ಬಗ್ಗೆ ಸಂಶೋಧನೆ ಮಾಡುವ ವಿಜ್ಞಾನಿಗಳಿಗೆ ಹಾಗೂ ಅದಕ್ಕೆ ಅನುಮತಿ, ಅನುದಾನ ಕೊಡುವ ಅಧಿಕಾರಿಗಳಿಗೆ

ಮಾನ್ಯರೇ,

ನಾನು ಉಡುಪಿ ಜಿಲ್ಲೆಯ ಕೋಡಿ ಬೇಂಗ್ರೆ ಕಡೆಯವಳು. ಸುವರ್ಣಾ ಮತ್ತು ಸೀತಾ ನದಿಗಳು ಒಟ್ಟಿಗೆ ಕಡಲು ಸೇರುವ ಅಳಿವೆ ನಮ್ಮ ಮನೆಯಿಂದ ದೂರವಿಲ್ಲ. ಸೋದರಮಾವ ನಾಡದೋಣಿಯವರು. ಅಮ್ಮ ಇಳಿತದ ಹೊತ್ತಿಗೆ ಅಳಿವೆಗೆ ಇಳಿದು ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕಿ ಮಾರುತ್ತಾರೆ. ನಾನು ಬಿ.ಕಾಂ. ಮುಗಿಸಿ ಉಡುಪಿಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ಊರಿಗೆ ಸರ್ವೆ, ಸಂಶೋಧನೆ ಅಂತ ಯಾರೇ ಬಂದರೂ ಮಾತು ದಾಟಿಸಲು ನನ್ನನ್ನೇ ಕರೆಯುತ್ತಾರೆ. ಬಂದವರು ಇಂಗ್ಲಿಷಿನಲ್ಲಿ ಕೇಳಿದ್ದನ್ನು ನಾನು ತುಳುವಿನಲ್ಲಿ ಕೇಳಬೇಕು, ನಮ್ಮವರು ತುಳುವಿನಲ್ಲಿ ಹೇಳಿದ್ದನ್ನು ಇಂಗ್ಲಿಷಿಗೆ ತರಬೇಕು. ಕಾಲೇಜಿನ ದಿನಗಳಿಂದ ಇದು ನನ್ನ ಪಾಲಿನ ಕೆಲಸ. ಸಂಬಳವಿಲ್ಲ, ಚಹಾ ಸಿಗುತ್ತದೆ.

ಸಂಶೋಧನೆಯೇ ಬೇಡ ಎನ್ನುವವಳು ನಾನಲ್ಲ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದ ಮೂಲಕ ಕಡಲ ಮೇಲ್ಮೈಯ ಬಿಸಿ, ನೀರಿನಲ್ಲಿರುವ ಹಸಿರು ಅಂಶ ಎರಡನ್ನೂ ನೋಡಿ ಮೀನು ಎಲ್ಲಿ ಸಿಗಬಹುದು ಎಂದು ತಿಳಿಸುತ್ತದೆ. ಗಾಳಿ, ಅಲೆಯ ಎಚ್ಚರಿಕೆಯೂ ಈಗ ಹೊತ್ತಿಗೆ ಸರಿಯಾಗಿ ಬರುತ್ತದೆ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ, ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ ಇದೆ. ಇಷ್ಟು ಓದಿದವರು ಕೈಗೆಟುಕುವ ದೂರದಲ್ಲಿರುವುದು ನಮ್ಮ ಪುಣ್ಯವೇ. ನನ್ನ ತಕರಾರು ಯಾವುದೋ ಒಂದು ಸಂಸ್ಥೆಯ ಮೇಲಲ್ಲ, ಕೆಲಸ ನಡೆಯುವ ರೀತಿಯ ಮೇಲೆ. ನಮ್ಮ ಊರಿನಿಂದ ಮಾಹಿತಿ ಹೋಗುತ್ತದೆ, ವಾಪಸ್ ಏನೂ ಬರುವುದಿಲ್ಲ. ಇನ್ನು ಏನನ್ನು ಹುಡುಕಬೇಕು ಎಂದು ತೀರ್ಮಾನ ಮಾಡುವಾಗ ನಮ್ಮನ್ನು ಯಾರೂ ಕೇಳುವುದೇ ಇಲ್ಲ.

ಕೆಲವು ವರ್ಷಗಳ ಹಿಂದೆ ಹೊರಗಿನಿಂದ ಒಂದು ತಂಡ ಬಂದಿತ್ತು. ಹೆಸರು ಬೇಡ. ಒಳ್ಳೆಯ ಹುಡುಗರು, ಮಾತಿನಲ್ಲಿ ಮರ್ಯಾದೆ ಇತ್ತು. ಬಂದದ್ದು ಮಾತ್ರ ಜನವರಿಯಲ್ಲಿ, ಅದೂ ಮಧ್ಯಾಹ್ನದ ಉರಿಬಿಸಿಲಿಗೆ. ಮಾವನನ್ನು ಕೇಳಿದ ಮೊದಲ ಪ್ರಶ್ನೆ: ಕಳೆದ ಏಳು ದಿನಗಳಲ್ಲಿ ಎಷ್ಟು ಕೆ.ಜಿ. ಮೀನು ಹಿಡಿದಿರಿ? ಮಾವನಂಥವರಿಗೆ ಮಳೆಗಾಲವೇ ಸುಗ್ಗಿ. ತೂಫಾನ್ ಕಳೆದು ಕಡಲು ಸ್ವಲ್ಪ ತಣ್ಣಗಾದ ಮೇಲೆ ಅವರ ದೋಣಿ ಇಳಿಯುತ್ತದೆ. ಜನವರಿಯಲ್ಲಿ ಅದು ಮಡಲಿನ ಚಪ್ಪರದಡಿ ಮಲಗಿರುತ್ತದೆ. "ಏನೂ ಇಲ್ಲ" ಅಂದರು ಮಾವ. ಹುಡುಗ ಟ್ಯಾಬ್‌ನಲ್ಲಿ ಸೊನ್ನೆ ಒತ್ತಿದ. ಇದು ದೋಣಿ ಇಳಿಯುವ ಕಾಲವಲ್ಲ ಎಂದು ನಾನು ಬಿಡಿಸಿ ಹೇಳಿದೆ. ಅವನಿಗೆ ಅರ್ಥವಾಯಿತು. ಆದರೆ ಅದನ್ನು ಬರೆಯಲು ಆ ಟ್ಯಾಬ್‌ನಲ್ಲಿ ಜಾಗ ಇರಲಿಲ್ಲ. ಕೆ.ಜಿ. ಲೆಕ್ಕವೂ ಹಾಗೆಯೇ. ನಾಡದೋಣಿಯಲ್ಲಿ ಲೆಕ್ಕ ಬುಟ್ಟಿಯದು, ಆಮೇಲೆ ಪಾಲಿನದು. ದೋಣಿಗೆ ಇಷ್ಟು, ಬಲೆಗೆ ಇಷ್ಟು, ಹೋದವರಿಗೆ ಇಷ್ಟು. ಒಬ್ಬನೇ ಎಷ್ಟು ಹಿಡಿದೆ ಎಂದು ಕೇಳಿದರೆ ಅವರು ಏನು ಹೇಳಬೇಕು?

ಅಮ್ಮನ ಸರದಿ ಬಂತು. ಅವರು ಹಿಂದಿನ ಜಗಲಿಯಲ್ಲಿ ಮೆಟ್ಟುಕತ್ತಿಯ ಮೇಲೆ ಕೂತು ಮರುವಾಯಿ ಸೀಳುತ್ತಿದ್ದರು. ಒಂದು ಚಿಪ್ಪನ್ನು ಕತ್ತಿಯ ಬಾಯಿಗೆ ಒತ್ತಿದರೆ ಎರಡು ಹೋಳು. ಮಾಂಸ ಇರುವ ಹೋಳು ಪಾತ್ರೆಗೆ, ಖಾಲಿ ಹೋಳು ಅಂಗಳಕ್ಕೆ. ಕೈ ನಿಲ್ಲಿಸದೆಯೇ ಉತ್ತರ ಹೇಳುತ್ತಿದ್ದರು. ಬೆರಳುಗಳ ತುದಿ ನೀರಿನಲ್ಲಿ ನೆನೆದು ಬಿಳಿಚಿಕೊಂಡಿತ್ತು. ಇಷ್ಟೆಲ್ಲ ಕಣ್ಣೆದುರೇ ಇದ್ದರೂ ಉದ್ಯೋಗದ ಕಾಲಂನಲ್ಲಿ "ಗೃಹಿಣಿ" ಎಂದು ದಾಖಲಾಯಿತು. ಯಾಕೆಂದರೆ ಮೀನುಗಾರಿಕೆಯ ಪಟ್ಟಿಯಲ್ಲಿ ಟ್ರಾಲ್ (ಕಡಲ ತಳದಲ್ಲಿ ಎಳೆಯುವ ಬಲೆ), ಪರ್ಸೀನ್ (ಮೀನಿನ ಹಿಂಡನ್ನು ಸುತ್ತುವರಿದು ಹಿಡಿಯುವ ದೊಡ್ಡ ಬಲೆ), ಗಿಲ್‌ನೆಟ್, ಗಾಳ ಎಲ್ಲ ಇತ್ತು, ಕೈಯಲ್ಲಿ ಹೆಕ್ಕುವುದು ಇರಲಿಲ್ಲ.

ನನ್ನ ಕೆಲಸವೇ ಲೆಕ್ಕದ್ದು. ಎಂಟ್ರಿ ಆಗದ್ದು ಇಲ್ಲ ಎಂದೇ ಲೆಕ್ಕ. ನಾಳೆ ಅಳಿವೆಯಲ್ಲಿ ಮರಳು ತೆಗೆಯಲೋ, ಜೆಟ್ಟಿ ಕಟ್ಟಲೋ, ಇನ್ಯಾವುದೋ ಯೋಜನೆಗೋ ಅರ್ಜಿ ಬಂದಾಗ "ಇಲ್ಲಿ ಇದರಿಂದ ಯಾರ ಬದುಕಿಗೆ ತೊಂದರೆ?" ಎಂದು ಕಡತ ತೆರೆದು ನೋಡುತ್ತಾರೆ. ಕಡತದಲ್ಲಿ ಅಮ್ಮ ಇಲ್ಲ. ಅಮ್ಮನ ಜೊತೆ ಸೊಂಟದ ಮಟ್ಟ ನೀರಿನಲ್ಲಿ ನಿಲ್ಲುವ ಹೆಂಗಸರು ಯಾರೂ ಇಲ್ಲ. ಪರಿಹಾರದ ಪಟ್ಟಿಯಲ್ಲೂ ಇರುವುದಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಜಾಸ್ತಿ ನೋವಿನದು. ನಮ್ಮ ಕಡಲಿನ ತಳ ಎಲ್ಲ ಕಡೆ ಒಂದೇ ಥರ ಇಲ್ಲ. ಎಲ್ಲೋ ಕೆಸರು, ಎಲ್ಲೋ ಮರಳು, ಅಲ್ಲಲ್ಲಿ ಕಲ್ಲು. ಕಲ್ಲಿರುವಲ್ಲಿ ಪಾಚಿ, ಕಲ್ಲಿಗೆ ಅಂಟಿ ಬೆಳೆಯುವ ಪಚ್ಚಿಲೆ ಚಿಪ್ಪು, ಸಣ್ಣ ಮೀನು, ಅದನ್ನು ತಿನ್ನಲು ಬರುವ ಮುರು ಮೀನು. ಮರಿಗಳಿಗೆ ಅದೇ ಆಸರೆ. ಇಂಥ ಕಲ್ಲುಗಳ ಜಾಗವನ್ನು ಮಾವನ ತಲೆಮಾರಿನವರು ಕಣ್ಣಳತೆಯಲ್ಲೇ ಹಿಡಿಯುತ್ತಾರೆ. ತೀರದ ಒಂದು ಮರ, ಅದರ ಹಿಂದಿನ ಒಂದು ಗುಡ್ಡ ಒಂದೇ ಗೆರೆಗೆ ಬರಬೇಕು. ಇನ್ನೊಂದು ಬದಿಯಲ್ಲಿ ಮತ್ತೆ ಅಂಥದ್ದೇ ಒಂದು ಜೋಡಿ. ಎರಡೂ ಕೂಡಿದಲ್ಲಿ ಕಲ್ಲು. ಆಳ ಎಷ್ಟು ಮಾರು (ಚಾಚಿದ ಎರಡು ಕೈಗಳ ಅಳತೆ) ಎಂಬುದೂ ಬಾಯಿಪಾಠ. ಬಲೆಯ ಸೀಸದ ಗುಂಡಿಗೆ ಮೆತ್ತಿ ಬಂದ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿ ತಳ ಎಂಥದು ಎಂದು ಹೇಳುತ್ತಾರೆ. ಇದನ್ನು ಯಾರೂ ಎಲ್ಲರಿಗೂ ಹೇಳಿಕೊಡುವುದಿಲ್ಲ. ಮಾವನಿಂದ ಅಳಿಯನಿಗೆ ಬರುವ ಆಸ್ತಿ ಇದು.

ಬೇರೆ ಒಂದು ತಂಡದವರಿಗೆ ಮಾವ ಅದನ್ನು ತೋರಿಸಿದರು. ಕಡಲಿನ ಜೀವಿಗಳನ್ನು ಉಳಿಸುವ ಕೆಲಸ ಎಂದು ನಾನೇ ಮಾವನಿಗೆ ತುಳುವಿನಲ್ಲಿ ಹೇಳಿದ್ದೆ, ತಂಡದವರು ನನಗೆ ಹಾಗೆಯೇ ಹೇಳಿದ್ದರು. ಮಾವ ಸ್ವಂತ ದೋಣಿಯಲ್ಲಿ ಕರೆದುಕೊಂಡು ಹೋದರು, ಡೀಸೆಲ್‌ಗೂ ದುಡ್ಡು ಕೇಳಲಿಲ್ಲ. ತಂಡದವರು ಜಿಪಿಎಸ್‌ನಲ್ಲಿ ಜಾಗ ಗುರುತು ಮಾಡಿಕೊಂಡರು, ನೀರು, ಕೆಸರು ತುಂಬಿಸಿಕೊಂಡರು, ಫೋಟೊ ತೆಗೆದರು. ಹೋದರು. ಆಮೇಲೆ ಒಂದು ದಿನ ನನ್ನ ಸಹೋದ್ಯೋಗಿಯೊಬ್ಬರು ಫೋನಿನಲ್ಲಿ ಒಂದು ನಕ್ಷೆ ತೋರಿಸಿದರು. ಮಾವನ ಕಲ್ಲುಗಳು ಒಂದೊಂದಾಗಿ, ಅಕ್ಷಾಂಶ ರೇಖಾಂಶ ಸಮೇತ, ಯಾರು ಬೇಕಾದರೂ ನೋಡುವ ಹಾಗೆ ಇದ್ದವು. ಮಾವನ ಹೆಸರು ಎಲ್ಲೂ ಇರಲಿಲ್ಲ. ಹೆಸರು ಹೋಗಲಿ ಬಿಡಿ. "ಇದನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬಹುದಾ?" ಎಂದು ಒಂದು ಮಾತು ಕೇಳಬಾರದಿತ್ತಾ?

ಮರುವರ್ಷ ಆ ಕಡೆ ಹೊರಗಿನ ಬೋಟುಗಳು ಕಾಣಿಸಿದವು. ಬೋಟಿನವರ ಹತ್ತಿರ ತಳವನ್ನೂ ಮೀನನ್ನೂ ತೋರಿಸುವ ಅವರದೇ ಎಕೋ ಸೌಂಡರ್ ಯಂತ್ರ ಇರುತ್ತದೆ, ನಕ್ಷೆ ನೋಡಿಯೇ ಬಂದರು ಎಂಬ ಆರೋಪ ನಾನು ಮಾಡುವುದಿಲ್ಲ. ಮಾವ ಮಾತ್ರ ಆಮೇಲೆ ಯಾವ ತಂಡಕ್ಕೂ ಬಾಯಿ ಬಿಟ್ಟಿಲ್ಲ. ಊರಿನಲ್ಲಿ ಇನ್ನೂ ನಾಲ್ಕು ಜನ ಹಿರಿಯರು ಅವರನ್ನು ನೋಡಿ ಸುಮ್ಮನಾಗಿದ್ದಾರೆ. ನೀವು ಬಂದು ಕೇಳಿದರೆ "ನಮಗೇನು ಗೊತ್ತು ಸರ್, ನೀವು ಓದಿದವರು" ಎನ್ನುತ್ತಾರೆ. ಅದನ್ನು ವಿನಯ ಎಂದು ತಿಳಿಯಬೇಡಿ.

ಇದಕ್ಕೆ ಹಿನ್ನೆಲೆಯೂ ಇದೆ. ಓದಿದವರು ನಮ್ಮ ಕಡಲಿಗೆ ಬುದ್ಧಿ ಹೇಳುತ್ತಿರುವುದು ಇವತ್ತು ನಿನ್ನೆಯಿಂದಲ್ಲ. 1952ರಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆಗೆ ಸಹಿ ಬಿತ್ತು, ಕೇರಳದ ನೀಂಡಕರದಲ್ಲಿ ಕೆಲಸ ಶುರುವಾಯಿತು. ಅಲ್ಲಿಂದ ಪಶ್ಚಿಮ ಕರಾವಳಿಗೆ ಇಂಜಿನ್ ಬೋಟು, ಟ್ರಾಲ್ ಬಲೆಯ ಕಾಲ ಬಂತು. 1970ರ ದಶಕದಲ್ಲಿ ನಮ್ಮ ಕಡೆ ಪರ್ಸೀನ್ ಬಂತು. ಹತ್ತಾರು ಜನ ಸೇರಿ ದಡಕ್ಕೆ ಎಳೆಯುತ್ತಿದ್ದ ರಂಪಣಿ ನೋಡನೋಡುತ್ತಲೇ ಮೂಲೆ ಸೇರಿತು. ಆಗ ಸಾಲ ಕೊಟ್ಟರು, ಸಬ್ಸಿಡಿ ಕೊಟ್ಟರು, ಜಾಸ್ತಿ ಹಿಡಿಯಿರಿ ಎಂದರು. ಹಿಡಿದೆವು. ಈಗ ತಳ ಕೆರೆದು ಹಾಳು ಮಾಡಿದಿರಿ, ಮರಿ ಹಿಡಿದಿರಿ ಎನ್ನುತ್ತೀರಿ. ಎರಡನೆಯ ಮಾತು ಸುಳ್ಳಲ್ಲ. ಆದರೆ ಮೊದಲ ಮಾತು ಹೇಳುವಾಗಲೂ ರಂಪಣಿಯವರನ್ನು ಯಾರೂ ಕೇಳಿರಲಿಲ್ಲ ಎಂಬುದು ನೆನಪಿರಲಿ.

ನಮ್ಮವರೂ ಸಾಚಾಗಳೇನಲ್ಲ. ಎಲ್‌ಇಡಿ ಬೆಳಕು ಹಾಕಿ ಮೀನು ಹಿಡಿಯುವುದನ್ನು, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಆದರೂ ಕದ್ದುಮುಚ್ಚಿ ಮಾಡುವವರಿದ್ದಾರೆ, ಬೋಟುಗಳು ಮೀನು ಇಳಿಸುವ ದಕ್ಕೆಯಲ್ಲಿ ಅದರ ಜಗಳ ಆಗಾಗ ಏಳುತ್ತದೆ. ಬೆರಳುದ್ದದ ಮರಿ ಮೀನಿನ ಹುಡಿ ಮಾಡುವ ಫಿಶ್ ಮಿಲ್‌ಗೆ ಲಾರಿಗಟ್ಟಲೆ ಹೋಗುತ್ತದೆ. ಏಲಂ (ಹರಾಜು) ದರ ಕೇಳಿದರೆ ಕಡಿಮೆ ಹೇಳುತ್ತಾರೆ, ಸಬ್ಸಿಡಿ ವಿಷಯ ಬಂದರೆ ಜಾಸ್ತಿ ಹೇಳುತ್ತಾರೆ. ಮೀನುಗಾರ ಹೇಳಿದ್ದೆಲ್ಲ ವೇದವಾಕ್ಯ ಎಂದು ನೀವು ನಂಬಬೇಕಿಲ್ಲ. ಪರೀಕ್ಷೆ ಮಾಡಿ. ಆದರೆ ಪರೀಕ್ಷೆ ಮಾಡಬೇಕಾದರೆ ಮೊದಲು ಪೂರ್ತಿ ಕೇಳಬೇಕು, ಅಲ್ವಾ?

ಕೇಳಿದರೆ ನಮ್ಮ ಹತ್ತಿರವೇ ಎಷ್ಟೋ ಪ್ರಶ್ನೆಗಳಿವೆ. ಬೂತಾಯಿ (ಸಾರ್ಡೀನ್) ಮೀನನ್ನೇ ತೆಗೆದುಕೊಳ್ಳಿ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಈ ಮೀನು 2021ರಲ್ಲಿ 3,297 ಟನ್‌ಗೆ ಇಳಿಯಿತು. ಬೂತಾಯಿ ಕೇರಳದ ಗಡಿ ನೋಡಿ ನಿಲ್ಲುವುದಿಲ್ಲ, ನಮ್ಮಲ್ಲೂ ಬುಟ್ಟಿ ಖಾಲಿಯಾಗಿತ್ತು. ಎಲ್ ನಿನೊ ಎಂಬ ಹವಾಮಾನದ ಏರುಪೇರಿನಿಂದ ಕಡಲು ಬಿಸಿಯಾದದ್ದು, ಮರಿ ಹಿಡಿದದ್ದು ಎಂದು ವಿಜ್ಞಾನಿಗಳು ಕಾರಣ ಕೊಟ್ಟಿದ್ದಾರೆ. ಅದು ಮಳೆಗಾಲದಲ್ಲಿ ಮೊಟ್ಟೆ ಇಡುವ ಮೀನು. ಮೊದಲ ಮಳೆಗೆ ಅದರ ಹೊಟ್ಟೆಯಲ್ಲಿ ಮೊಟ್ಟೆ ಇದೆಯೋ ಇಲ್ಲವೋ ಎಂದು ಪ್ರತಿ ವರ್ಷ ನೋಡುವವರು ಯಾರು? ನಾಡದೋಣಿಯವರು ಮತ್ತು ಮೀನು ಸೀಳುವ ಹೆಂಗಸರು. ಜೂನ್, ಜುಲೈ ಎರಡು ತಿಂಗಳು ದೊಡ್ಡ ಬೋಟುಗಳು ರಜೆಯಲ್ಲಿ ದಕ್ಕೆಯಲ್ಲಿರುತ್ತವೆ. ಇವರ ಕೈಗೆ ಒಂದು ನೋಟ್‌ಬುಕ್ ಕೊಟ್ಟಿದ್ದರೆ ಇಷ್ಟು ವರ್ಷದಲ್ಲಿ ಎಂಥ ದಾಖಲೆ ಆಗುತ್ತಿತ್ತು!

ಟ್ರಾಲ್ ಬಲೆಗೆ ರಾಶಿ ರಾಶಿ ಬೀಳುವ ಕಾರ್ಗಿಲ್ ಮೀನು ಎಲ್ಲಿಂದ ಬಂತು, ಅದು ಜಾಸ್ತಿಯಾದರೆ ಉಳಿದ ಮೀನಿಗೆ ಏನಾಗುತ್ತದೆ? ಅಳಿವೆಯ ಬಾಯಿ ಸರಿಯುತ್ತಿದ್ದರೆ ಮರುವಾಯಿಯ ದಿಬ್ಬಗಳು ಎಲ್ಲಿಗೆ ಹೋಗುತ್ತವೆ? ಕಾಂಡ್ಲ (ಉಪ್ಪುನೀರಿನ ಮ್ಯಾಂಗ್ರೋವ್ ಗಿಡ) ಕಡಿದ ದಡದಲ್ಲಿ ಸಿಗಡಿ ಮರಿ ಯಾಕೆ ಕಡಿಮೆ? 2020ರ ನವೆಂಬರ್‌ನಲ್ಲಿ ಮಲ್ಪೆ ಕಡೆಯ ಅಲೆಗಳು ರಾತ್ರಿ ನೀಲಿಯಾಗಿ ಹೊಳೆದಾಗ ಊರೂರಿನಿಂದ ಜನ ಬಂದು ಸೆಲ್ಫಿ ತೆಗೆದರು. ಇದು ಮೀನಿಗೆ ಒಳ್ಳೆಯದಾ ಕೆಟ್ಟದ್ದಾ ಎಂದು ನಮ್ಮವರು ನನ್ನನ್ನು ಕೇಳಿದರು. ಬಿ.ಕಾಂ. ಓದಿದವಳಿಗೆ ಏನು ಗೊತ್ತು? ಆ ಹೊಳಪಿಗೆ ಕಾರಣವಾದ ಸೂಕ್ಷ್ಮಜೀವಿ ವಿಪರೀತ ಹೆಚ್ಚಿದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಬಹುದು ಎಂದು ಆಮೇಲೆ ಓದಿ ತಿಳಿದೆ. ಆಗ ಅದನ್ನು ಕನ್ನಡದಲ್ಲಿ, ದಕ್ಕೆಯಲ್ಲಿ ನಿಂತು ಹೇಳಲು ಒಬ್ಬರೂ ಬರಲಿಲ್ಲ.

ಇನ್ನು ಬಂದರಿನ ಲೆಕ್ಕ. ಗಣತಿಯವರು ಆಯ್ದ ದಿನಗಳಲ್ಲಿ ದಕ್ಕೆಗೆ ಬಂದು, ಕೆಲವು ಬೋಟುಗಳ ಮೀನು ನೋಡಿ, ಅದರಿಂದ ಇಡೀ ರಾಜ್ಯದ ಅಂದಾಜು ಕಟ್ಟುತ್ತಾರೆ. ಅದು ಬೇಕೇ ಬೇಕು. ಆದರೆ ಅದು ದಕ್ಕೆಗೆ ಇಳಿಸಿದ ಮೀನಿನ ಲೆಕ್ಕ. ಬೇಡವೆಂದು ಕಡಲಿಗೇ ಬಿಸಾಡಿ ಬಂದದ್ದು, ಈ ವರ್ಷ ಯಾವ ಮೀನು ಎಷ್ಟು ಮಾರು ಆಳದಿಂದ ಎಷ್ಟು ಮಾರು ಆಳಕ್ಕೆ ಹೋಯಿತು ಎಂಬುದು ಅದರಲ್ಲಿ ಸಿಗದು. ಅದು ಬೋಟು ನಡೆಸುವ ತಾಂಡೇಲನ ತಲೆಯಲ್ಲಿರುತ್ತದೆ.

ಮೀನುಗಾರರಿಂದ ಇಂಥ ಕೆಲಸ ಆಗದು ಎನ್ನುವವರು ಅರಬ್ಬಿ ಸಮುದ್ರದ ನಡುವಿನ ದ್ವೀಪಗಳ ಕಡೆ ಒಮ್ಮೆ ನೋಡಬೇಕು. ಮಂಗಳೂರಿನ ಹಳೆ ಬಂದರಿನಿಂದ ದಿನಸಿ, ಕಲ್ಲು, ಮರಳು ಹೊತ್ತು ಹಡಗು ಹೋಗುವ ಲಕ್ಷದ್ವೀಪವದು. ಅಲ್ಲಿ ಕೋಲು-ಗಾಳದಲ್ಲಿ ಟ್ಯೂನ ಹಿಡಿಯುವವರು ಎಷ್ಟು ಮೀನು ಸಿಕ್ಕಿತು, ಟ್ಯೂನವನ್ನು ಸೆಳೆಯಲು ಕಡಲಿಗೆ ಎಸೆಯುವ ಸಣ್ಣ ಮೀನು ಎಷ್ಟು ಸಿಕ್ಕಿತು ಎಂದು ತಾವೇ ಪುಸ್ತಕದಲ್ಲಿ ಬರೆದಿಡುತ್ತಾರೆ. ಬೆಂಗಳೂರಿನ ದಕ್ಷಿಣ್ ಫೌಂಡೇಶನ್ ಅವರ ಜೊತೆ ಸೇರಿ ನಡೆಸುವ ಕೆಲಸ ಅದು. ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರಿನಲ್ಲಿ ನಮ್ಮ ಮರುವಾಯಿಯಂಥದ್ದೇ ಚಿಪ್ಪು ಹೆಕ್ಕುತ್ತಾರೆ. 1990ರ ದಶಕದ ಆರಂಭದಲ್ಲಿ ಅದು ಕುಸಿದಾಗ ಹೆಕ್ಕುವವರು, ವಿಜ್ಞಾನಿಗಳು, ಸರ್ಕಾರ ಕೂತು ನಿಯಮ ಮಾಡಿದರು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹೆಕ್ಕುವಂತಿಲ್ಲ, ಬಲೆಯ ಕಣ್ಣು ಇಷ್ಟಕ್ಕಿಂತ ಸಣ್ಣದಿರುವಂತಿಲ್ಲ. 2014ರಲ್ಲಿ ಅದಕ್ಕೆ, ಬರಿದಾಗದ ಹಾಗೆ ಹಿಡಿಯುವವರಿಗೆ ಕೊಡುವ ಎಂಎಸ್‌ಸಿ ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು, ಭಾರತದಲ್ಲೇ ಮೊದಲು. ಮುಲ್ಕಿಯಲ್ಲಿ, ನಮ್ಮಲ್ಲಿ, ಗಂಗೊಳ್ಳಿಯಲ್ಲಿ ಇದು ಯಾಕೆ ಆಗಬಾರದು? ನಮ್ಮ ಹೆಂಗಸರೇನು ಲೆಕ್ಕ ಬಾರದವರಾ? ಅಮ್ಮನ ಹತ್ತಿರ ಚಿಲ್ಲರೆ ಕೊಡದೆ ತಪ್ಪಿಸಿಕೊಂಡು ನೋಡಿ.

ಆದ್ದರಿಂದ ಕೆಲವು ಬೇಡಿಕೆ ಇಡುತ್ತಿದ್ದೇನೆ. ಊರಿನ ನಾಡದೋಣಿಯವರು, ಮರುವಾಯಿ ಹೆಕ್ಕುವವರು, ಸಣ್ಣ ಟ್ರಾಲ್‌ನವರು ಕೆಲವರ ಜೊತೆ ಮಾತಾಡಿಯೇ ಬರೆದಿದ್ದೇನೆ. ಪರ್ಸೀನ್‌ನವರು ಎಲ್ಲದಕ್ಕೂ ಒಪ್ಪಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಯಾವುದೇ ಸಂಶೋಧನೆಯ ಪ್ರಶ್ನೆ ಗಟ್ಟಿಯಾಗುವ ಮೊದಲು ಊರಿನಲ್ಲಿ ಒಂದು ಸಭೆ ಆಗಬೇಕು. ನಾವು ಕೇಳುವ ಪ್ರಶ್ನೆಗಳಲ್ಲಿ ಒಂದೆರಡಾದರೂ ಅದರಲ್ಲಿ ಸೇರಬೇಕು. ಹೆಂಗಸರನ್ನು ಬೇರೆ ಕೂರಿಸಿ ಕೇಳಬೇಕು, ಗಂಡಸರ ಎದುರು ಅವರು ಮಾತಾಡುವುದಿಲ್ಲ. ಲೆಕ್ಕ ಬರೆಯಲು, ನೀರು ಪರೀಕ್ಷೆ ಮಾಡಲು, ಮೀನಿನ ಉದ್ದ ಅಳೆಯಲು ಊರಿನ ಓದಿದ ಹುಡುಗ ಹುಡುಗಿಯರನ್ನು ಸಂಬಳ ಕೊಟ್ಟು ತೆಗೆದುಕೊಳ್ಳಿ. ಪ್ರಾಜೆಕ್ಟಿನ ಬಜೆಟ್‌ನಲ್ಲಿ ಕ್ಯಾಮೆರಾಕ್ಕೆ ಜಾಗ ಇದೆ, ಕಾರಿಗೆ ಇದೆ. ದೋಣಿಯವರ ಒಂದು ದಿನದ ದುಡಿಮೆಗೂ ಇರಲಿ.

ಕಲ್ಲುಗಳ ಜಾಗ, ಮೀನು ಮೊಟ್ಟೆ ಇಡುವ ಜಾಗ, ಇವನ್ನು ಹೇಳಿದವರ ಒಪ್ಪಿಗೆ ಇಲ್ಲದೆ ಬಹಿರಂಗ ಮಾಡಬಾರದು. ಈಗಾಗಲೇ ಬಹಿರಂಗವಾಗಿರುವ ನಕ್ಷೆಗಳಲ್ಲಿ ನಿಖರ ಗುರುತು ತೆಗೆದು ಅಂದಾಜು ವಲಯ ಮಾತ್ರ ತೋರಿಸಿ. ಮೂಲ ಮಾಹಿತಿಯ ಒಂದು ಪ್ರತಿ ಊರಿನಲ್ಲಿರಲಿ. ಅದಕ್ಕೆ ಹೊಸ ಕಾನೂನು ಬೇಕಾಗಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಮಾಡಬೇಕು. ಆ ದಾಖಲೆಯಲ್ಲಿ ಹಲಸು, ಮಾವಿನ ಜೊತೆಗೆ ಅಳಿವೆ, ಕಡಲು ಕೂಡ ಬರಲಿ. ಪಂಚಾಯತಿಯ ಗಡಿ ಮರಳಿನ ಅಂಚಿಗೆ ಮುಗಿಯಬಹುದು, ನಮ್ಮ ಊಟ ಅಲ್ಲಿಂದಲೇ ಶುರುವಾಗುತ್ತದೆ.

ಫಲಿತಾಂಶ ಕನ್ನಡದಲ್ಲಿ ಬರಬೇಕು. ಇನ್ನೂರು ಪುಟದ ವರದಿಯ ಅನುವಾದ ಯಾರಿಗೂ ಬೇಡ. ನಾಲ್ಕು ಪುಟ ಸಾಕು. ಏನು ಕೇಳಿದಿರಿ, ಏನು ಸಿಕ್ಕಿತು, ನಮ್ಮ ಹೇಳಿಕೆಯಲ್ಲಿ ಯಾವುದು ಸರಿ, ಯಾವುದು ತಪ್ಪು. ಸಹಕಾರ ಸಂಘದ ಗೋಡೆಗೆ ಅಂಟಿಸಿ, ಒಂದು ಸಂಜೆ ಬಂದು ಓದಿ ಹೇಳಿ. ಬೈಗುಳ ಬೀಳಬಹುದು, ಅದಕ್ಕೂ ತಯಾರಾಗಿ ಬನ್ನಿ. ಅನುದಾನ ಕೊಡುವವರಲ್ಲಿ ಒಂದು ವಿಶೇಷ ಮನವಿ: ಈ ನಾಲ್ಕು ಪುಟ ಊರಿಗೆ ತಲುಪಿದ ಮೇಲೆಯೇ ಕೊನೆಯ ಕಂತಿನ ಹಣ ಬಿಡುಗಡೆ ಮಾಡಿ. ಲೆಕ್ಕದವಳಾಗಿ ಹೇಳುತ್ತೇನೆ, ಇದಕ್ಕಿಂತ ಬೇಗ ಕೆಲಸ ಮಾಡುವ ಉಪಾಯ ಬೇರೆ ಇಲ್ಲ.

ಮಾತುಕತೆಗೆ ಜೂನ್, ಜುಲೈ ಒಳ್ಳೆಯ ಸಮಯ. ಯಾಂತ್ರಿಕ ಬೋಟುಗಳಿಗೆ ಆಗ ರಜೆ, ಎಲ್ಲರೂ ಬಲೆ ಸರಿ ಮಾಡಿಕೊಂಡು ಊರಿನಲ್ಲೇ ಇರುತ್ತಾರೆ. ನಾಡದೋಣಿಯವರು ಮಾತ್ರ ತೂಫಾನ್ ಕಳೆದ ಮೇಲೆ ಬೆಳಿಗ್ಗೆ ಸಿಗುವುದಿಲ್ಲ, ಸಂಜೆ ಬನ್ನಿ. ಮರುವಾಯಿಯವರ ಜೊತೆ ಮಾತಾಡಬೇಕಿದ್ದರೆ ಉಬ್ಬರ-ಇಳಿತದ ಹೊತ್ತು ನೋಡಿಕೊಂಡು, ಚಪ್ಪಲಿ ಬಿಟ್ಟು ನೀರಿಗೆ ಇಳಿಯುವ ತಯಾರಿಯಲ್ಲಿ ಬನ್ನಿ. ಪ್ರಶ್ನೆಪಟ್ಟಿಯನ್ನು ಒಂದು ವಾರ ಮೊದಲೇ ಸಹಕಾರ ಸಂಘಕ್ಕೆ ಕಳಿಸಿದರೆ ನಾವು ಓದಿ, ತಿದ್ದಬೇಕಾದಲ್ಲಿ ತಿದ್ದಿ ಕೊಡುತ್ತೇವೆ. ಮಾತು ದಾಟಿಸಲು ನಾನು ಬರುತ್ತೇನೆ. ಮಾವನನ್ನು ಒಪ್ಪಿಸುವ ಕೆಲಸ ಮಾತ್ರ ನಿಮ್ಮದು.

ಇಂತಿ ನಿಮ್ಮ ವಿಶ್ವಾಸಿ,
ಕೋಡಿ ಬೇಂಗ್ರೆಯ ಒಬ್ಬ ಮೀನುಗಾರ ಮನೆಯ ಮಗಳು